ರೈಲ್ವೆ ಸಂಕೇತ ಎಂಜಿನಿಯರನ ವೃತ್ತಿ: ಒಂದು ವಿವೇಚನೆ

ರೈಲುಬಂಡಿಯನ್ನೇರಿ ಕುಳಿತ ಪ್ರಯಾಣಿಕನು ಚಾಲಕನನ್ನು ನೆನೆಯುವುದುಂಟು. ಟಿಕೆಟ್ಟು ಪರೀಕ್ಷಿಸಲು ಬಂದವನನ್ನು ಕಾಣುವುದುಂಟು. ಬಂಡಿ ತಡವಾದರೆ ಸ್ಟೇಷನ್ ಮಾಸ್ತರರನ್ನು ದೂರುವುದೂ ಉಂಟು. ಆದರೆ ಹಳಿಯ ಪಕ್ಕದಲ್ಲಿ ನಿಂತಿರುವ ಕೈಮರವನ್ನೂ, ಅದರ ಹಿಂದೆ ಮೈಲಿಗಟ್ಟಲೆ ಹರಡಿಕೊಂಡಿರುವ ತಂತಿಗಳನ್ನೂ, ಆ ತಂತಿಗಳನ್ನು ಜೋಡಿಸಿದ ಮನುಷ್ಯನನ್ನೂ ನೆನೆಯುವವರು ವಿರಳ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೇತುವೆ ಕಟ್ಟಿದವನ ಕೆಲಸ ಕಣ್ಣಿಗೆ ಕಾಣುತ್ತದೆ. ಸಂಕೇತ ಎಂಜಿನಿಯರನ ಕೆಲಸ ಸಫಲವಾದಾಗ ಏನೂ ಸಂಭವಿಸುವುದಿಲ್ಲ. ಬಂಡಿಗಳು ಒಂದನ್ನೊಂದು ಮುಟ್ಟದೆ ಊರು ಸೇರುತ್ತವೆ, ಅಷ್ಟೆ. ಅವನ ಕೆಲಸ ಲೋಕದ ಗಮನಕ್ಕೆ ಬರುವುದು ಅದು ಕೆಟ್ಟ ದಿನ ಮಾತ್ರ.

ಮೂವತ್ತು ನಲವತ್ತು ವರ್ಷಗಳ ಕಾಲ ಈ ಕಾಣದ ಕೆಲಸದಲ್ಲಿ ತೊಡಗಿದ್ದು, ಕೊನೆಗೆ ಸುರಕ್ಷತಾ ಸಲಹೆಗಾರರಾಗಿ ಉಳಿದವರಿಗೆ ಪರಿಶ್ರಮ ನೀಡುವವರ ಒಂದು ಪರಂಪರೆ ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ಬೆಳೆದುಬಂದಿದೆ. ಅಂತಹ ವೃತ್ತಿಯ ಒಳಗುಟ್ಟೇನು? ಯಂತ್ರವನ್ನು ಅರಿಯುವುದರಿಂದ ಆರಂಭವಾಗುವ ಈ ವಿದ್ಯೆ ಮನುಷ್ಯನನ್ನು ಅರಿಯುವುದರಲ್ಲಿ ಕೊನೆಗಾಣುವುದೇಕೆ? ಈ ಪ್ರಶ್ನೆಗಳಿಗೆ ಉತ್ತರವು ರೈಲ್ವೆಯ ಚರಿತ್ರೆಯಲ್ಲಿಯೇ ಅಡಗಿದೆ.

೧. ಅಂತರದ ತತ್ತ್ವ

ಕಬ್ಬಿಣದ ಚಕ್ರವು ಕಬ್ಬಿಣದ ಹಳಿಯ ಮೇಲೆ ಉರುಳುವಾಗ ತಿಕ್ಕಾಟವು ಬಹಳ ಕಡಿಮೆ. ಅಷ್ಟು ಭಾರವನ್ನು ಅಷ್ಟು ಸುಲಭವಾಗಿ ಎಳೆಯಲು ಸಾಧ್ಯವಾಗಿರುವುದು ಇದರಿಂದಲೇ. ಆದರೆ ಎಳೆಯಲು ಸುಲಭವಾದದ್ದು ನಿಲ್ಲಿಸಲು ಕಷ್ಟ. ಗಂಟೆಗೆ ೧೩೦ ಕಿಲೋಮೀಟರು ವೇಗದಲ್ಲಿ ಸಾಗುವ ಬಂಡಿಗೆ ಬ್ರೇಕು ಹಾಕಿದರೆ ಅದು ನಿಲ್ಲುವಷ್ಟರಲ್ಲಿ ಸುಮಾರು ಒಂದು ಕಿಲೋಮೀಟರನ್ನೋ ಅದಕ್ಕೂ ಹೆಚ್ಚು ದೂರವನ್ನೋ ಕ್ರಮಿಸಿರುತ್ತದೆ. ರಸ್ತೆಯ ವಾಹನದಂತೆ ಎದುರಿಗೆ ಕಂಡದ್ದನ್ನು ನೋಡಿ ನಿಲ್ಲಿಸುವ, ಅಥವಾ ಪಕ್ಕಕ್ಕೆ ಸರಿಯುವ ಅನುಕೂಲ ಅದಕ್ಕಿಲ್ಲ. ಆದುದರಿಂದ ಚಾಲಕನ ಕಣ್ಣಿಗೆ ಕಾಣದ ದೂರದ ಸ್ಥಿತಿಯನ್ನು ಅವನಿಗೆ ಮೊದಲೇ ತಿಳಿಸುವ ಒಂದು ಸಾಧನ ಬೇಕು. ಅದೇ ಸಂಕೇತ.

ಮೊದಮೊದಲು ಬಂಡಿಗಳನ್ನು ಬೇರ್ಪಡಿಸುತ್ತಿದ್ದುದು ಕಾಲ. ಒಂದು ಬಂಡಿ ಹೊರಟು ಇಂತಿಷ್ಟು ನಿಮಿಷಗಳಾದ ಮೇಲೆ ಇನ್ನೊಂದನ್ನು ಬಿಡುತ್ತಿದ್ದರು. ಮುಂದಿನ ಬಂಡಿ ನಡುದಾರಿಯಲ್ಲಿ ನಿಂತುಬಿಟ್ಟರೆ ಹಿಂದಿನದಕ್ಕೆ ಅದು ತಿಳಿಯುವಂತಿರಲಿಲ್ಲ. ಇದರ ಅಪಾಯವನ್ನು ೧೮೬೧ನೆಯ ಆಗಸ್ಟ್ ೨೫ರಂದು ಇಂಗ್ಲೆಂಡಿನ ಬ್ರೈಟನ್ ಬಳಿಯ ಕ್ಲೇಟನ್ ಸುರಂಗವು ತೋರಿಸಿಕೊಟ್ಟಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಆ ಸುರಂಗದತ್ತ ಕೆಲವೇ ನಿಮಿಷಗಳ ಅಂತರದಲ್ಲಿ ಮೂರು ಬಂಡಿಗಳು ಹೊರಟವು. ಮೊದಲನೆಯ ಬಂಡಿ ಒಳಹೊಕ್ಕಾಗ ತಾನಾಗಿಯೇ ಅಪಾಯಕ್ಕೆ ತಿರುಗಬೇಕಾಗಿದ್ದ ಸಂಕೇತ ತಿರುಗಲಿಲ್ಲ. ಕಾವಲಿನವನು ಕೆಂಪು ಬಾವುಟ ಬೀಸಿದನಾದರೂ ಎರಡನೆಯ ಬಂಡಿ ಅಷ್ಟರಲ್ಲಿ ಸುರಂಗವನ್ನು ಹೊಕ್ಕಿತ್ತು. ಅದರ ಚಾಲಕನು ಬಾವುಟವನ್ನು ಕಂಡು ಒಳಗೆ ನಿಂತು, ಬಂಡಿಯನ್ನು ಹಿಂದಕ್ಕೆ ನಡೆಸತೊಡಗಿದನು. ಆಚೆಯ ತುದಿಯ ಕಾವಲುಗಾರನು ತಂತಿಯ ಮೂಲಕ ‘ಬಂಡಿ ಹೊರಬಂದಿತು’ ಎಂದು ತಿಳಿಸಿದ್ದು ಮೊದಲನೆಯದನ್ನು ಕುರಿತು. ಈಚೆಯವನು ತಿಳಿದದ್ದು ಎರಡನೆಯದೆಂದು. ಮೂರನೆಯ ಬಂಡಿಗೆ ದಾರಿ ಸಿಕ್ಕಿತು. ೨೩ ಮಂದಿ ಸತ್ತರು. ಈಚೆಯ ತುದಿಯ ಆ ಕಾವಲುಗಾರನು ವಾರಕ್ಕೊಂದು ಪೂರ್ಣ ದಿನದ ಬಿಡುವನ್ನು ಪಡೆಯುವ ಸಲುವಾಗಿ ಅಂದು ಇಪ್ಪತ್ತನಾಲ್ಕು ಗಂಟೆಗಳ ಪಾಳಿಯಲ್ಲಿದ್ದನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಈ ಸಂಗತಿ ಮತ್ತೆ ಬರಲಿದೆ.

ಕಾಲದ ಬದಲು ದೇಶವೇ ಬಂಡಿಗಳನ್ನು ಬೇರ್ಪಡಿಸಬೇಕೆಂಬುದು ಇಂತಹ ಅನುಭವಗಳಿಂದ ಮೂಡಿದ ಸಿದ್ಧಾಂತ. ಹಳಿಯನ್ನು ಖಂಡಗಳನ್ನಾಗಿ ಮಾಡಿ, ಒಂದು ಖಂಡದಲ್ಲಿ ಒಂದು ವೇಳೆಗೆ ಒಂದೇ ಬಂಡಿ ಇರತಕ್ಕದ್ದೆಂದು ವಿಧಿಸುವ ಈ ಕ್ರಮಕ್ಕೆ ಬ್ಲಾಕ್ ಪದ್ಧತಿಯೆಂದು ಹೆಸರು. ೧೮೮೯ನೆಯ ಜೂನ್ ೧೨ರಂದು ಐರ್ಲೆಂಡಿನ ಆರ್ಮಾ ಬಳಿ, ಏರಿನಲ್ಲಿ ನಿಂತ ವಿಹಾರದ ಬಂಡಿಯೊಂದರಿಂದ ಬಿಚ್ಚಿದ ಡಬ್ಬಿಗಳು ಹಿಂದಕ್ಕುರುಳಿ, ಕಾಲದ ಅಂತರವನ್ನು ನಂಬಿ ಬರುತ್ತಿದ್ದ ಮತ್ತೊಂದು ಬಂಡಿಗೆ ಬಡಿದು ಸುಮಾರು ೮೦ ಮಂದಿ ಮಡಿದರು. ಅವರಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ಮಾರ್ಗಗಳಲ್ಲಿ ಮೂರು ಏರ್ಪಾಡುಗಳನ್ನು ಕಡ್ಡಾಯಗೊಳಿಸುವ ಶಾಸನ ಮಾಡಿತು: ಬ್ಲಾಕ್ ಪದ್ಧತಿ, ಇಂಟರ್‌ಲಾಕಿಂಗ್, ಬಂಡಿಯುದ್ದಕ್ಕೂ ತಾನಾಗಿ ಹಿಡಿಯುವ ಬ್ರೇಕು.

೨. ಪರಸ್ಪರ ಬಂಧನ

ಇಂಟರ್‌ಲಾಕಿಂಗ್ ಎಂಬುದನ್ನು ಪರಸ್ಪರ ಬಂಧನವೆಂದು ಕರೆಯಬಹುದು. ಬ್ಯಾಂಕಿನ ಭದ್ರಕೊಠಡಿಗೆ ಎರಡು ಕೀಲಿಕೈಗಳಿದ್ದು, ಅವು ಇಬ್ಬರು ಅಧಿಕಾರಿಗಳ ವಶದಲ್ಲಿರುವುದನ್ನು ಅನೇಕರು ಬಲ್ಲರು. ಒಬ್ಬನ ಕೈಯಲ್ಲಿ ಬಾಗಿಲು ತೆರೆಯುವುದಿಲ್ಲ. ಅಲ್ಲಿ ನಂಬಿಕೆಯ ಕೊರತೆಯಿದೆಯೆಂದು ಯಾರೂ ಭಾವಿಸುವುದಿಲ್ಲ. ತಪ್ಪಿಗೆ ಎಡೆಗೊಡದಿರುವುದೇ ಅದರ ಉದ್ದೇಶ. ರೈಲು ನಿಲ್ದಾಣದಲ್ಲಿಯೂ ಹೀಗೆಯೇ. ಬಂಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿಗೆ ಒಂದು ಸನ್ನೆ, ಸಂಕೇತಕ್ಕೆ ಇನ್ನೊಂದು ಸನ್ನೆ. ಪಾಯಿಂಟು ಸರಿಯಾದ ಕಡೆ ಕೂತು ಬೀಗ ಬೀಳುವವರೆಗೆ ಸಂಕೇತದ ಸನ್ನೆ ಅಲುಗದು. ಸಂಕೇತವು ಒಮ್ಮೆ ‘ಹೋಗು’ ಎಂದ ಮೇಲೆ ಪಾಯಿಂಟಿನ ಸನ್ನೆ ಅಲುಗದು. ಪರಸ್ಪರ ವಿರೋಧಿಗಳಾದ ಎರಡು ಮಾರ್ಗಗಳಿಗೆ ಏಕಕಾಲದಲ್ಲಿ ಅಪ್ಪಣೆ ದೊರೆಯದು. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿಯು ೧೮೫೬ರಲ್ಲಿ ಇಂತಹ ಒಂದು ಯಂತ್ರಕ್ಕೆ ಪೇಟೆಂಟು ಪಡೆದನು. ಕಬ್ಬಿಣದ ಸರಳುಗಳಿಂದ ಆರಂಭವಾದ ಈ ಬಂಧನವು ಮುಂದೆ ವಿದ್ಯುತ್ತಿನ ರಿಲೇಗಳಿಗೂ, ಇತ್ತೀಚೆಗೆ ಗಣಕಯಂತ್ರಗಳಿಗೂ ವರ್ಗವಾಗಿದೆ. ಆದರೆ ತತ್ತ್ವ ಬದಲಾಗಿಲ್ಲ.

೩. ಕೆಟ್ಟರೂ ಕೇಡಾಗದ ರಚನೆ

ಸಂಕೇತವಿದ್ಯೆಯ ಹೃದಯವೆನ್ನಬಹುದಾದ ತತ್ತ್ವ ಇನ್ನೊಂದಿದೆ. ಯಂತ್ರವೆಂದ ಮೇಲೆ ಅದು ಒಂದಲ್ಲ ಒಂದು ದಿನ ಕೆಡಲೇಬೇಕು. ಕೆಡದ ಯಂತ್ರವನ್ನು ಮಾಡುವೆನೆಂದು ಹೊರಡುವುದು ವ್ಯರ್ಥ ಸಾಹಸ. ಕೆಟ್ಟಾಗ ಅದು ಯಾವ ಕಡೆಗೆ ಬೀಳಬೇಕೆಂಬುದನ್ನು ನಿಶ್ಚಯಿಸುವುದು ಮಾತ್ರ ಸಾಧ್ಯ. ಸಂಕೇತದ ಯಾವ ಅಂಗವೇ ಮುರಿಯಲಿ, ಫಲವು ‘ನಿಲ್ಲು’ ಎಂಬ ಆಜ್ಞೆಯಾಗಿರಬೇಕು.

ಈ ಪಾಠವನ್ನು ೧೮೭೬ನೆಯ ಜನವರಿ ೨೧ರಂದು ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ನಿನಲ್ಲಿ ಸುರಿದ ಹಿಮ ಕಲಿಸಿತು. ಆಗಿನ ವಾಡಿಕೆಯಂತೆ ಕೈಮರಗಳು ಸಾಮಾನ್ಯವಾಗಿ ‘ಹೋಗು’ ಎಂಬ ಸ್ಥಿತಿಯಲ್ಲಿರುತ್ತಿದ್ದವು. ಅಪಾಯವಿದ್ದಾಗ ಮಾತ್ರ ಅವನ್ನು ಬದಲಿಸುತ್ತಿದ್ದರು. ಅಂದು ಕಂಬದ ಸೀಳಿನೊಳಗಿದ್ದ ತೋಳಿಗೆ ಹಿಮ ಹೆಪ್ಪುಗಟ್ಟಿತು. ಕಾವಲಿನವನು ಸನ್ನೆಯನ್ನು ಎಳೆದರೂ ತೋಳು ಮೇಲೇಳಲಿಲ್ಲ. ಅಪಾಯವಿದ್ದ ಕಡೆಯಲ್ಲಿಯೇ ಅಭಯಹಸ್ತ ಕಾಣಿಸಿತು. ಕಲ್ಲಿದ್ದಲಿನ ಗೂಡ್ಸು ಬಂಡಿಗೆ ವೇಗದ ಬಂಡಿಯೊಂದು ಹಿಂದಿನಿಂದ ಬಡಿಯಿತು. ಆ ಅವಶೇಷಕ್ಕೆ ಎದುರಿನಿಂದ ಬಂದ ಮತ್ತೊಂದು ಬಡಿಯಿತು. ಅಂದಿನಿಂದ ಸಂಕೇತದ ಸಹಜಸ್ಥಿತಿ ‘ನಿಲ್ಲು’ ಎಂದಾಯಿತು. ‘ಹೋಗು’ ಎಂಬುದು ಪ್ರಯತ್ನದಿಂದ ದೊರಕಿಸಿಕೊಳ್ಳಬೇಕಾದ ಅನುಮತಿಯಾಯಿತು. ಇಂದು ತಂತಿ ಕಡಿದುಹೋದರೆ ಕೈಮರದ ತೋಳು ತನ್ನ ಭಾರದಿಂದಲೋ ಎದುರುತೂಕದಿಂದಲೋ ಅಪಾಯದ ಸ್ಥಿತಿಗೇ ಬರುತ್ತದೆ.

ವಿದ್ಯುತ್ತಿನಲ್ಲಿ ಇದೇ ತತ್ತ್ವವನ್ನು ಅಮೆರಿಕದ ವಿಲಿಯಂ ರಾಬಿನ್‌ಸನ್ನನು ೧೮೭೨ರಲ್ಲಿ ಸಾಧಿಸಿದನು. ಅವನು ರಚಿಸಿದ ಹಳಿಯ ವಿದ್ಯುನ್ಮಂಡಲದಲ್ಲಿ ಒಂದು ಖಂಡದ ಎರಡು ಹಳಿಗಳ ಮೂಲಕ ಸಣ್ಣ ಪ್ರವಾಹವೊಂದು ಸದಾ ಹರಿದು, ಆಚೆಯ ತುದಿಯ ರಿಲೇಯನ್ನು ಎತ್ತಿಹಿಡಿದಿರುತ್ತದೆ. ಬಂಡಿ ಬಂದರೆ ಅದರ ಚಕ್ರ ಮತ್ತು ಅಚ್ಚುಗಳೇ ಎರಡು ಹಳಿಗಳನ್ನು ಕೂಡಿಸಿ ಪ್ರವಾಹಕ್ಕೆ ಅಡ್ಡದಾರಿಯಾಗುತ್ತವೆ, ರಿಲೇ ಬೀಳುತ್ತದೆ, ಸಂಕೇತ ಕೆಂಪಾಗುತ್ತದೆ. ಹಳಿ ಮುರಿದರೂ, ಬ್ಯಾಟರಿ ಬತ್ತಿದರೂ, ತಂತಿ ಕಡಿದರೂ ಫಲ ಅದೇ. ಎಂದರೆ, ಯಂತ್ರಕ್ಕೆ ಏನೂ ತಿಳಿಯದಿದ್ದಾಗ ಅದು ಕೇಡನ್ನೇ ಊಹಿಸುತ್ತದೆ. ಮುಂಬಯಿಯ ಕನ್ನಡಿಗರಿಗೆ ನಿತ್ಯಪರಿಚಿತವಾದ ಹಳಿಗಳಲ್ಲಿಯೇ, ಬೋರಿಬಂದರು ಮತ್ತು ಬೈಕುಲ್ಲಾಗಳ ನಡುವೆ, ೧೯೨೮ರಲ್ಲಿ ಸ್ವಯಂಚಾಲಿತ ಬಣ್ಣದ ದೀಪದ ಸಂಕೇತಗಳು ಬಂದವು. ಭಾರತದಲ್ಲಿ ಆ ಪದ್ಧತಿಯ ಆರಂಭ ಅದು.

೪. ಬೆತ್ತದ ಬಳೆ

ಎರಡು ದಿಕ್ಕಿನ ಬಂಡಿಗಳಿಗೂ ಒಂದೇ ಹಳಿಯಿರುವ ಕಡೆ ಅಪಾಯ ಇಮ್ಮಡಿ. ಚಲಿಸುತ್ತಿರುವ ಎಂಜಿನ್ನಿನ ಚಾಲಕನು ಪ್ಲಾಟ್‌ಫಾರಂ ಮೇಲೆ ನಿಂತ ನೌಕರನಿಂದ ದೊಡ್ಡ ಬಳೆಯೊಂದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದುದನ್ನು ಕರ್ನಾಟಕದ ಸಣ್ಣ ನಿಲ್ದಾಣಗಳಲ್ಲಿ ಬಾಲ್ಯ ಕಳೆದವರು ಕಂಡಿರಬೇಕು. ಅದರ ಚೀಲದಲ್ಲಿದ್ದ ಗುಂಡೇ ಮುಂದಿನ ನಿಲ್ದಾಣದವರೆಗೆ ಹೋಗಲು ಅಪ್ಪಣೆ. ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರವಿದ್ದು, ಅವೆರಡೂ ತಂತಿಯಿಂದ ಕೂಡಿರುತ್ತವೆ. ಒಂದು ಗುಂಡು ಹೊರಗಿರುವವರೆಗೆ ಯಾವ ಯಂತ್ರದಿಂದಲೂ ಇನ್ನೊಂದು ಹೊರಬಾರದು. ೧೮೭೪ರಲ್ಲಿ ನಾರಿಚ್ ಬಳಿಯ ಥಾರ್ಪ್‌ನಲ್ಲಿ ಎರಡು ಬಂಡಿಗಳು ಮುಖಾಮುಖಿ ಢಿಕ್ಕಿ ಹೊಡೆದ ಬಳಿಕ ಎಡ್ವರ್ಡ್ ಟಯರ್ ಎಂಬವನು ೧೮೭೮ರಲ್ಲಿ ಇಂತಹ ಯಂತ್ರವನ್ನು ರೂಪಿಸಿದನು. ಅವನದರಲ್ಲಿ ಗುಂಡಿನ ಬದಲು ಊರುಗಳ ಹೆಸರು ಕೆತ್ತಿದ ಬಿಲ್ಲೆಯಿತ್ತು.

ಇದಕ್ಕಿಂತ ಭದ್ರವಾದ ಉಪಾಯ ಬೇರಿಲ್ಲವೆಂದು ತೋರಬಹುದು. ಆದರೂ ೧೯೨೧ನೆಯ ಜನವರಿ ೨೬ರಂದು ವೇಲ್ಸ್ ನಾಡಿನ ಆಬರ್ಮ್ಯೂಲ್ ನಿಲ್ದಾಣದಲ್ಲಿ ಇದು ಸೋತಿತು. ಬಂದು ನಿಂತ ಬಂಡಿಯ ಚಾಲಕನಿಂದ ಪಡೆದ ಹಿಂದಿನ ಖಂಡದ ಬಿಲ್ಲೆಯನ್ನೇ ನಿಲ್ದಾಣದ ನೌಕರರು ಕೈಯಿಂದ ಕೈಗೆ ದಾಟಿಸಿ, ಅದನ್ನೇ ಮುಂದಿನ ಖಂಡದ ಬಿಲ್ಲೆಯೆಂದು ಅವನಿಗೇ ಹಿಂದಿರುಗಿಸಿದರು. ಕೊಟ್ಟವರೂ ಓದಲಿಲ್ಲ, ತೆಗೆದುಕೊಂಡವನೂ ಓದಲಿಲ್ಲ. ಎದುರಿನಿಂದ ವೇಗದ ಬಂಡಿ ಬರುತ್ತಿತ್ತು. ೧೭ ಮಂದಿ ಸತ್ತರು. ಯಂತ್ರವು ಅಣುಮಾತ್ರವೂ ತಪ್ಪಿರಲಿಲ್ಲ. ಸಂಕೇತ ಎಂಜಿನಿಯರನ ಚಿಂತೆ ಯಂತ್ರದಿಂದ ಮನುಷ್ಯನತ್ತ ತಿರುಗುವುದು ಇಂತಹ ಸ್ಥಳಗಳಲ್ಲಿ.

೫. ವೃತ್ತಿಯ ಮೆಟ್ಟಿಲುಗಳು

ಈ ವೃತ್ತಿಯಲ್ಲಿ ದೀರ್ಘಕಾಲ ನಡೆದವರ ದಾರಿಯನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಬಹುದು. ಮೊದಲನೆಯದು ದುರಸ್ತಿಯ ಘಟ್ಟ. ಮಳೆಯಲ್ಲಿ, ನಡುರಾತ್ರಿಯಲ್ಲಿ, ಬಂಡಿಗಳು ತಡೆದು ನಿಂತಿರುವಾಗ, ಸ್ಟೇಷನ್ ಮಾಸ್ತರರ ದೂರವಾಣಿ ನಿಲ್ಲದೆ ಮೊಳಗುತ್ತಿರುವಾಗ, ಕೆಟ್ಟ ರಿಲೇಯನ್ನು ಹುಡುಕುವ ಕೆಲಸ. ಹೇಗಾದರೂ ಹಸಿರು ತೋರಿಸಿ ಬಂಡಿಯನ್ನು ಬಿಟ್ಟುಬಿಡಬೇಕೆಂಬ ಆಸೆಯನ್ನು ಗೆಲ್ಲುವುದೇ ಇಲ್ಲಿನ ಮೊದಲ ಪಾಠ.

ಎರಡನೆಯದು ರಚನೆಯ ಘಟ್ಟ. ನಿಲ್ದಾಣದ ಪ್ರತಿಯೊಂದು ಮಾರ್ಗಕ್ಕೂ ಯಾವ ಪಾಯಿಂಟು ಹೇಗಿರಬೇಕು, ಯಾವ ಖಂಡ ಖಾಲಿಯಿರಬೇಕು, ಯಾವ ಗೇಟು ಮುಚ್ಚಿರಬೇಕು, ಯಾವ ಮಾರ್ಗಗಳಿಗೆ ತಡೆ ಬೀಳಬೇಕು ಎಂಬುದನ್ನೆಲ್ಲ ಒಂದು ಕೋಷ್ಟಕದಲ್ಲಿ ಬರೆಯುತ್ತಾರೆ. ಇದು ಆ ನಿಲ್ದಾಣದ ಧರ್ಮಶಾಸ್ತ್ರ. ಇದನ್ನು ಅನುಸರಿಸಿ ತಂತಿಗಳ ನಕ್ಷೆ ಸಿದ್ಧವಾಗುತ್ತದೆ. ಮೂರನೆಯದು ಪರೀಕ್ಷೆಯ ಘಟ್ಟ. ನಕ್ಷೆ ಮಾಡಿದವನೇ ಅದನ್ನು ಒಪ್ಪುವಂತಿಲ್ಲ. ತಂತಿ ಜೋಡಿಸಿದವನೇ ಅದು ಸರಿಯೆಂದು ಸಹಿ ಹಾಕುವಂತಿಲ್ಲ. ಚೆಕ್ಕು ಬರೆದವನೇ ಅದನ್ನು ಪಾಸು ಮಾಡಬಾರದೆಂಬ ನಿಯಮಕ್ಕೆ ಇದು ಸಮಾನ. ಪರೀಕ್ಷಕನು ಪ್ರತಿಯೊಂದು ಮೊಳೆಯಲ್ಲಿಯೂ ನಕ್ಷೆಯಲ್ಲಿರುವಷ್ಟೇ ತಂತಿಗಳಿವೆಯೇ ಎಂದು ಎಣಿಸಬೇಕು. ತಂತಿ ಕಡಿಮೆಯಾದರೆ ಸಾಮಾನ್ಯವಾಗಿ ಸಂಕೇತ ಕೆಂಪಾಗಿ ದೋಷ ತಾನಾಗಿ ಹೊರಬೀಳುತ್ತದೆ. ತಂತಿ ಹೆಚ್ಚಾದರೆ ಎಲ್ಲವೂ ಸರಿಯಾಗಿಯೇ ನಡೆಯುವಂತೆ ಕಾಣುತ್ತದೆ. ಹೆಚ್ಚಿನ ತಂತಿಯೇ ಹೆಚ್ಚು ಅಪಾಯಕಾರಿ. ನಾಲ್ಕನೆಯದು ಸಲಹೆಯ ಘಟ್ಟ. ಅದನ್ನು ಮುಂದೆ ವಿವೇಚಿಸಲಾಗುವುದು. ಭಾರತದಲ್ಲಿ ಮೊದಲ ಮೂರು ಘಟ್ಟಗಳ ಶಿಕ್ಷಣಕ್ಕಾಗಿ ೧೯೫೭ರಲ್ಲಿ ಸಿಕಂದರಾಬಾದಿನಲ್ಲಿ ಸ್ಥಾಪಿತವಾದ ರೈಲ್ವೆ ಸಂಕೇತ ಮತ್ತು ದೂರಸಂಪರ್ಕ ಸಂಸ್ಥೆ ಈಗಲೂ ಕೆಲಸ ಮಾಡುತ್ತಿದೆ.

೬. ಕತ್ತರಿಸದೆ ಬಿಟ್ಟ ತಂತಿ

ಹೆಚ್ಚಿನ ತಂತಿ ಎಂದರೇನೆಂಬುದು ಲೋಕಕ್ಕೆ ತಿಳಿದದ್ದು ೧೯೮೮ನೆಯ ಡಿಸೆಂಬರ್ ೧೨ರ ಬೆಳಗ್ಗೆ, ಲಂಡನ್ನಿನ ಕ್ಲ್ಯಾಪಂ ಜಂಕ್ಷನ್ನಿನಲ್ಲಿ. ಕಚೇರಿಗೆ ಹೊರಟವರಿಂದ ತುಂಬಿದ್ದ ಬಂಡಿಯೊಂದರ ಚಾಲಕನು ತನ್ನೆದುರಿನ ಸಂಕೇತವು ಹಠಾತ್ತಾಗಿ ಕೆಂಪಾದುದನ್ನು ಕಂಡು, ನಿಯಮದಂತೆ ಮುಂದಿನ ಸಂಕೇತದ ಬಳಿ ನಿಂತು ದೂರವಾಣಿಯಲ್ಲಿ ತಿಳಿಸಲು ಇಳಿದನು. ಅವನ ಬಂಡಿ ನಿಂತಿದ್ದರೂ ಹಿಂದಿನ ಸಂಕೇತ ಕೆಂಪಾಗಿ ಉಳಿಯಲಿಲ್ಲ. ಹಿಂದಿನಿಂದ ಬಂದ ಬಂಡಿ ಅದಕ್ಕೆ ಬಡಿಯಿತು. ಎದುರು ದಿಕ್ಕಿನ ಖಾಲಿ ಬಂಡಿಯೊಂದು ಅವಶೇಷಕ್ಕೆ ತಗುಲಿತು. ೩೫ ಮಂದಿ ಸತ್ತರು. ಗಾಯಗೊಂಡವರು ಐನೂರರ ಹತ್ತಿರ.

ಕಾರಣವು ಎರಡು ವಾರಗಳ ಹಿಂದಿನದು. ನವೆಂಬರ್ ೨೭ರ ಭಾನುವಾರ ಸಂಕೇತಗಳ ನವೀಕರಣದಲ್ಲಿ ತೊಡಗಿದ್ದ ತಂತ್ರಜ್ಞನೊಬ್ಬನು ಹಳೆಯ ತಂತಿಯೊಂದರ ಒಂದು ತುದಿಯನ್ನು ಮಾತ್ರ ಬಿಚ್ಚಿ, ಅದನ್ನು ಕತ್ತರಿಸದೆ, ಕಟ್ಟದೆ ಪಕ್ಕಕ್ಕೆ ತಳ್ಳಿ ಬಿಟ್ಟಿದ್ದನು. ಇನ್ನೊಂದು ತುದಿಯಲ್ಲಿ ವಿದ್ಯುತ್ತು ಇತ್ತು. ಡಿಸೆಂಬರ್ ೧೧ರಂದು ಅದೇ ಸ್ಥಳದಲ್ಲಿ ಬೇರೆ ಕೆಲಸ ನಡೆದಾಗ ಆ ತಂತಿ ಅಲುಗಿ ಹಳೆಯ ಮೊಳೆಗೇ ತಗುಲಿತು. ಬಂಡಿ ಹಳಿಯ ಮೇಲಿದ್ದರೂ ರಿಲೇಗೆ ಬೇರೆ ಕಡೆಯಿಂದ ಪ್ರವಾಹ ದೊರೆತು ಅದು ಬೀಳಲಿಲ್ಲ. ಕೆಟ್ಟರೂ ಕೇಡಾಗದ ರಚನೆಯ ಒಳಗೇ ಕೇಡು ಹೊಕ್ಕಿತ್ತು. ಏಕೆಂದರೆ ಇಲ್ಲಿ ಯಾವ ಅಂಗವೂ ಕೆಟ್ಟಿರಲಿಲ್ಲ. ಇರಬಾರದ ಜೋಡಣೆಯೊಂದು ಇತ್ತು.

ಸರ್ ಆಂತೊನಿ ಹಿಡನ್ ಅವರು ನಡೆಸಿದ ವಿಚಾರಣೆಯ ವರದಿ ೧೯೮೯ರಲ್ಲಿ ಹೊರಬಂದಿತು. ಅದರಲ್ಲಿ ೯೩ ಶಿಫಾರಸುಗಳಿದ್ದವು. ಆ ತಂತ್ರಜ್ಞನೊಬ್ಬನನ್ನೇ ದೂಷಿಸಿ ಕೈತೊಳೆದುಕೊಳ್ಳದಿರುವುದು ಆ ವರದಿಯ ಹಿರಿಮೆ. ಅವನು ಹದಿಮೂರು ವಾರಗಳಲ್ಲಿ ಒಂದೇ ಒಂದು ದಿನ ರಜೆ ಪಡೆದಿದ್ದನು. ತಂತಿಯನ್ನು ಹಾಗೆ ಬಿಡುವುದು ಅವನ ಹಳೆಯ ರೂಢಿ. ವರ್ಷಗಟ್ಟಲೆ ಯಾರೂ ಅದನ್ನು ತಿದ್ದಿರಲಿಲ್ಲ. ಮೇಲ್ವಿಚಾರಕನು ಅಂದು ಹೊರಗೆ ಬೇರೆ ಕೆಲಸದಲ್ಲಿ ಮುಳುಗಿದ್ದನು. ತಂತಿಗಳನ್ನು ಎಣಿಸಬೇಕಾದವರು ಎಣಿಸಲಿಲ್ಲ. ೧೯೮೫ರಲ್ಲಿಯೇ ಅದೇ ಪ್ರಾಂತದ ಆಕ್ಸ್‌ಟೆಡ್ ಬಳಿ ಇಂತಹ ದೋಷಗಳು ಕಂಡುಬಂದು, ಪರೀಕ್ಷೆಯ ಹೊಸ ನಿಯಮಗಳನ್ನು ಬರೆಯಲಾಗಿತ್ತು. ಆದರೆ ಬರೆದದ್ದು ಕೈಗಳವರೆಗೆ ಇಳಿದಿರಲಿಲ್ಲ. ಕ್ಲೇಟನ್ ಸುರಂಗದ ಕಾವಲುಗಾರನ ಇಪ್ಪತ್ತನಾಲ್ಕು ಗಂಟೆಗಳ ಪಾಳಿಗೂ ಈ ಹದಿಮೂರು ವಾರಗಳಿಗೂ ನಡುವೆ ೧೨೭ ವರ್ಷಗಳು ಕಳೆದಿದ್ದವು. ಯಂತ್ರಗಳು ಗುರುತು ಸಿಗದಷ್ಟು ಬದಲಾಗಿದ್ದವು. ದಣಿದ ಮನುಷ್ಯನು ಬದಲಾಗಿರಲಿಲ್ಲ.

೭. ಬಾಹಾನಗಾದ ಪೆಟ್ಟಿಗೆ

ಇದೇ ಕಥೆ ಭಾರತದಲ್ಲಿ ಪುನರಾವರ್ತನೆಯಾದುದು ದುಃಖದ ಸಂಗತಿ. ೨೦೨೩ನೆಯ ಜೂನ್ ೨ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಾಹಾನಗಾ ಬಜಾರ್ ನಿಲ್ದಾಣದಲ್ಲಿ ಚೆನ್ನೈಗೆ ಹೊರಟಿದ್ದ ಕೋರಮಂಡಲ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯಲ್ಲಿ ನೇರವಾಗಿ ಸಾಗಲು ಹಸಿರು ದೀಪ ದೊರೆಯಿತು. ಪಾಯಿಂಟು ಮಾತ್ರ ಲೂಪ್ ಹಳಿಗೆ ತಿರುಗಿತ್ತು. ಅಲ್ಲಿ ಅದುರು ತುಂಬಿದ ಗೂಡ್ಸು ಬಂಡಿ ನಿಂತಿತ್ತು. ಗಂಟೆಗೆ ಸುಮಾರು ೧೨೮ ಕಿಲೋಮೀಟರು ವೇಗದಲ್ಲಿ ಎಕ್ಸ್‌ಪ್ರೆಸ್ಸು ಅದಕ್ಕೆ ಅಪ್ಪಳಿಸಿತು. ಹಳಿ ತಪ್ಪಿದ ಅದರ ಡಬ್ಬಿಗಳು, ಪಕ್ಕದ ಹಳಿಯಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಬಂಡಿಯ ಕೊನೆಯ ಡಬ್ಬಿಗಳಿಗೆ ಬಡಿದವು. ಸತ್ತವರು ೨೯೦ಕ್ಕೂ ಹೆಚ್ಚು.

ಪಾಯಿಂಟು ತಪ್ಪು ಕಡೆಗಿದ್ದರೆ ಹಸಿರು ಬರಕೂಡದೆಂಬುದೇ ಪರಸ್ಪರ ಬಂಧನದ ಮೂಲಸೂತ್ರವಲ್ಲವೆ? ಹಾಗಿದ್ದರೆ ಅದು ಬಂದದ್ದು ಹೇಗೆ? ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಇದಕ್ಕೆ ಉತ್ತರ ಕೊಟ್ಟಿದೆ. ಲೆವೆಲ್ ಕ್ರಾಸಿಂಗಿನ ಬಳಿಯ ಸಂಕೇತದ ಪೆಟ್ಟಿಗೆಗಳಲ್ಲಿ ೨೦೧೮ರಲ್ಲಿ ತಂತಿಗಳ ಜೋಡಣೆ ಬದಲಾಗಿತ್ತು. ಬದಲಾವಣೆಗೆ ತಕ್ಕಂತೆ ನಕ್ಷೆಯಾಗಲಿ, ಮೊಳೆಗಳ ಮೇಲಿನ ಚೀಟಿಗಳಾಗಲಿ ತಿದ್ದುಪಡಿಯಾಗಿರಲಿಲ್ಲ. ಅಪಘಾತದ ದಿನ ಅಲ್ಲಿನ ಗೇಟಿನ ವಿದ್ಯುತ್ ತಡೆಗಂಬವನ್ನು ಬದಲಿಸುವ ಕೆಲಸ ನಡೆಯಿತು. ಚೀಟಿಯನ್ನು ನಂಬಿ ಮಾಡಿದ ಜೋಡಣೆಯಿಂದ, ಪಾಯಿಂಟು ಒಂದು ಕಡೆಯಿರುವಾಗ ಇನ್ನೊಂದು ಕಡೆಯಿದೆಯೆಂಬ ಸುಳ್ಳು ಸಾಕ್ಷ್ಯ ಯಂತ್ರಕ್ಕೆ ಹೋಯಿತು. ಯಂತ್ರವು ತನಗೆ ದೊರೆತ ಸಾಕ್ಷ್ಯದ ಮೇಲೆ ಸರಿಯಾದ ತೀರ್ಪನ್ನೇ ಕೊಟ್ಟಿತು.

ಮುನ್ಸೂಚನೆಗಳಿರಲಿಲ್ಲವೆಂದಲ್ಲ. ೨೦೨೨ನೆಯ ಮೇ ತಿಂಗಳಲ್ಲಿ ಅದೇ ಖರಗಪುರ ವಿಭಾಗದಲ್ಲಿ ತಪ್ಪು ಜೋಡಣೆಯಿಂದ ಇಂತಹ ಘಟನೆಯೊಂದು ನಡೆದಿತ್ತು. ಆಗಲೇ ತಿದ್ದಿಕೊಂಡಿದ್ದರೆ ಈ ಅಪಘಾತ ಆಗುತ್ತಿರಲಿಲ್ಲವೆಂದು ಆಯುಕ್ತರು ಹೇಳಿದ್ದಾರೆ. ಕರ್ನಾಟಕದಲ್ಲಿಯೂ ೨೦೨೩ನೆಯ ಫೆಬ್ರವರಿ ೮ರಂದು ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ, ದೆಹಲಿಯ ಕನ್ನಡಿಗರಿಗೆ ಚಿರಪರಿಚಿತವಾದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸು ತಪ್ಪು ಹಳಿಗೆ ಹೋಗಬೇಕಾದ ಪರಿಸ್ಥಿತಿ ಒದಗಿತ್ತು. ಚಾಲಕನು ಪಾಯಿಂಟನ್ನು ಗಮನಿಸಿ ಬಂಡಿಯನ್ನು ನಿಲ್ಲಿಸಿದನು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಸಂಕೇತವ್ಯವಸ್ಥೆಯಲ್ಲಿ ಗಂಭೀರ ದೋಷಗಳಿವೆಯೆಂದೂ, ತಿದ್ದದಿದ್ದರೆ ದೊಡ್ಡ ಅಪಘಾತಗಳಾಗಬಹುದೆಂದೂ ಲಿಖಿತವಾಗಿ ಎಚ್ಚರಿಸಿದರು. ಬಾಹಾನಗಾಕ್ಕೆ ಆಗ ನಾಲ್ಕು ತಿಂಗಳು ಕೂಡ ಉಳಿದಿರಲಿಲ್ಲ.

೮. ಗಣಕಯಂತ್ರವೂ ಕವಚವೂ

ಮನುಷ್ಯನು ತಪ್ಪುವನೆಂದಾದರೆ ಅವನ ಕೈಯಿಂದ ಕೆಲಸವನ್ನೇ ತೆಗೆದುಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಸಂಕೇತವಿದ್ಯೆ ಆ ದಿಕ್ಕಿನಲ್ಲಿ ಬಹುದೂರ ಸಾಗಿದೆ. ೧೯೮೫ರಲ್ಲಿ ಇಂಗ್ಲೆಂಡಿನ ಲೆಮಿಂಗ್‌ಟನ್ ಸ್ಪಾದಲ್ಲಿ ರಿಲೇಗಳಿಗೆ ಬದಲಾಗಿ ಗಣಕಗಳನ್ನು ಬಳಸಿದ ಇಂಟರ್‌ಲಾಕಿಂಗ್ ಕೆಲಸಕ್ಕೆ ಬಂದಿತು. ಅದರಲ್ಲಿ ಮೂರು ಗಣಕಗಳು ಒಂದೇ ಲೆಕ್ಕವನ್ನು ಮಾಡುತ್ತವೆ; ಎರಡಾದರೂ ಒಪ್ಪಿದ ಹೊರತು ಅಪ್ಪಣೆ ಹೊರಡದು; ಬೇರೆ ಮಾತಾಡಿದ ಒಂದನ್ನು ಪಂಕ್ತಿಯಿಂದ ಹೊರಗಿಡಲಾಗುತ್ತದೆ. ಇಂತಹ ಯಂತ್ರಗಳಿಗೆ ವಿಧಿಸಿರುವ ಅತ್ಯುಚ್ಚ ಸುರಕ್ಷತಾ ಶ್ರೇಣಿಯ ಪ್ರಕಾರ ಅಪಾಯಕಾರಿ ದೋಷವು ಸರಾಸರಿ ೧೦ ಕೋಟಿ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚಾಗಕೂಡದು. ೧೦ ಕೋಟಿ ಗಂಟೆಗಳೆಂದರೆ ಸುಮಾರು ೧೧,೪೦೦ ವರ್ಷಗಳು.

ಭಾರತದ ‘ಕವಚ’ ವ್ಯವಸ್ಥೆಯೂ ಇದೇ ಶ್ರೇಣಿಗೆ ಸೇರಿದ್ದು. ಚಾಲಕನು ಕೆಂಪು ದೀಪವನ್ನು ದಾಟುವಂತಾದರೆ ಅದು ತಾನೇ ಬ್ರೇಕು ಹಾಕುತ್ತದೆ. ಇದರ ಮೊದಲ ಪರೀಕ್ಷೆಗಳಾದದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ, ಎಂದರೆ ಹೈದರಾಬಾದಿನ ಕನ್ನಡಿಗರು ಊರಿಗೆ ಹೋಗಿಬರುವ ಹಳಿಗಳ ಮೇಲೆಯೇ. ಪ್ರಯಾಣಿಕರ ಬಂಡಿಗಳ ಮೇಲೆ ಪರೀಕ್ಷೆ ಆರಂಭವಾದುದು ೨೦೧೬ರಲ್ಲಿ. ರಾಷ್ಟ್ರದ ವ್ಯವಸ್ಥೆಯಾಗಿ ಅಂಗೀಕೃತವಾದುದು ೨೦೨೦ರಲ್ಲಿ. ಇದರ ಉಪಯುಕ್ತತೆ ನಿಸ್ಸಂದೇಹ. ಆದರೆ ಕವಚಕ್ಕೆ ಸಂಕೇತದ ಸ್ಥಿತಿ ತಿಳಿಯುವುದು ನಿಲ್ದಾಣದ ಇಂಟರ್‌ಲಾಕಿಂಗಿನಿಂದ. ಪೆಟ್ಟಿಗೆಯಲ್ಲಿನ ತಂತಿಯೇ ಸುಳ್ಳು ಹೇಳಿದರೆ ಮೇಲಿನ ಯಂತ್ರ ಎಷ್ಟು ಸತ್ಯಸಂಧವಾಗಿದ್ದರೂ ಆ ಸುಳ್ಳನ್ನೇ ಮುಂದೆ ಸಾಗಿಸುತ್ತದೆ. ಹನ್ನೊಂದು ಸಾವಿರ ವರ್ಷಗಳ ಲೆಕ್ಕದಲ್ಲಿ ಕಟ್ಟಿದ ಯಂತ್ರವನ್ನು ಜೋಡಿಸುವವನು ನಿನ್ನೆ ರಾತ್ರಿ ನಿದ್ದೆ ಮಾಡದವನಾಗಿರಬಹುದು.

೯. ಸಲಹೆಗಾರನ ಧರ್ಮ

ಸುರಕ್ಷತಾ ಸಲಹೆಗಾರನ ಕೆಲಸ ಇಲ್ಲಿಂದ ಮೊದಲಾಗುತ್ತದೆ. ಅವನು ಹೊಸ ಯಂತ್ರವನ್ನು ಮಾಡುವವನಲ್ಲ. ಯಂತ್ರವನ್ನು ಮಾಡಿದವರು ‘ಇದು ಸುರಕ್ಷಿತ’ ಎಂದಾಗ, ‘ಅದಕ್ಕೆ ಪ್ರಮಾಣವೇನು?’ ಎಂದು ಕೇಳುವವನು. ಯಾವ ಯಾವ ಕೇಡುಗಳನ್ನು ಊಹಿಸಿದಿರಿ, ಒಂದೊಂದಕ್ಕೂ ಏನು ತಡೆ ಹಾಕಿದಿರಿ, ಆ ತಡೆ ಇದೆಯೆಂದು ಪರೀಕ್ಷಿಸಿದವರು ಯಾರು, ಅವರು ಕಟ್ಟಿದವರಿಂದ ಬೇರೆಯವರೇ ಎಂಬ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯುವವನು. ಈ ಕೆಲಸಕ್ಕೆ ಅನುಭವ ಬೇಕು, ಏಕೆಂದರೆ ನಕ್ಷೆಯಲ್ಲಿ ಕಾಣದ ಕೇಡುಗಳನ್ನು ಊಹಿಸಬಲ್ಲವನು ನಡುರಾತ್ರಿಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತು ದುರಸ್ತಿ ಮಾಡಿದವನು ಮಾತ್ರ. ಸ್ವಾತಂತ್ರ್ಯವೂ ಬೇಕು. ಭಾರತದಲ್ಲಿ ರೈಲ್ವೆ ಸುರಕ್ಷತೆಯ ತನಿಖಾಧಿಕಾರಿಗಳನ್ನು ೧೯೪೧ರಲ್ಲಿ ರೈಲ್ವೆ ಆಡಳಿತದಿಂದ ಬೇರ್ಪಡಿಸಿದುದೂ, ಇಂದು ಅವರು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿರುವುದೂ ಈ ಕಾರಣದಿಂದಲೇ. ಲೆಕ್ಕವನ್ನು ಬರೆದವನ ಕೈಕೆಳಗೆ ಲೆಕ್ಕಪರಿಶೋಧಕನು ಇರಲಾಗದು.

ಮೂರನೆಯದಾಗಿ ಬೇಕಾದುದು ಕಿವಿ. ದೊಡ್ಡ ಅಪಘಾತಕ್ಕೆ ಮೊದಲು ಸಣ್ಣ ತಪ್ಪುಗಳು ಬಾಗಿಲು ತಟ್ಟುವುದು ಸಾಮಾನ್ಯ. ೧೯೯೯ನೆಯ ಅಕ್ಟೋಬರ್ ೫ರಂದು ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಕೆಂಪು ಸಂಕೇತವನ್ನು ಬಂಡಿಯೊಂದು ದಾಟಿ ೩೧ ಮಂದಿ ಸತ್ತರು. ಅದೇ ಸಂಕೇತವನ್ನು ಹಿಂದಿನ ಆರು ವರ್ಷಗಳಲ್ಲಿ ಎಂಟು ಬಾರಿ ಬೇರೆ ಬೇರೆ ಚಾಲಕರು ಹಾಗೆಯೇ ದಾಟಿದ್ದರು. ಎಂಟು ಮಂದಿ ಒಂದೇ ಕಡೆ ಎಡವಿದರೆ ಕಾಲನ್ನು ದೂರುವುದಕ್ಕೆ ಮೊದಲು ಕಲ್ಲನ್ನು ನೋಡಬೇಕು. ಎಡವಿದುದನ್ನು ನೌಕರನು ಹೆದರದೆ ಹೇಳುವಂ­ತಹ ವಾತಾವರಣವಿರಬೇಕು. ತಪ್ಪೊಪ್ಪಿಗೆಗೆ ಶಿಕ್ಷೆಯೇ ಪ್ರತಿಫಲವಾದಲ್ಲಿ ತಪ್ಪುಗಳು ಕಡಿಮೆಯಾಗುವುದಿಲ್ಲ, ಕಡತದಿಂದ ಕಣ್ಮರೆಯಾಗುತ್ತವೆ, ಅಷ್ಟೆ.

ಹೀಗೆ ನೋಡಿದರೆ ಸಂಕೇತ ಎಂಜಿನಿಯರನ ದೀರ್ಘ ವೃತ್ತಿಜೀವನವು ಒಂದೇ ತತ್ತ್ವದ ಮೂರು ವಿಸ್ತಾರಗಳಾಗಿ ತೋರುತ್ತದೆ. ಯಂತ್ರ ಕೆಡಬಹುದೆಂದು ಮೊದಲೇ ಒಪ್ಪಿಕೊಂಡು ಕೈಮರವನ್ನು ಕಟ್ಟಿದರು. ಅದರಿಂದ ಯಂತ್ರವು ಸುರಕ್ಷಿತವಾಯಿತು. ಮನುಷ್ಯನು ತಪ್ಪಬಹುದೆಂದು ಮೊದಲೇ ಒಪ್ಪಿಕೊಂಡು ಎರಡನೆಯವನ ಪರೀಕ್ಷೆಯನ್ನು ವಿಧಿಸಿದರು. ಸಂಸ್ಥೆಯೂ ಮರೆಯಬಹುದು, ದಣಿಯಬಹುದು, ಎಚ್ಚರಿಕೆಯ ಪತ್ರವನ್ನು ಕಡತದಲ್ಲಿಟ್ಟು ಸುಮ್ಮನಾಗಬಹುದು ಎಂಬುದನ್ನು ಒಪ್ಪಿಕೊಳ್ಳುವುದು ಮೂರನೆಯ ಮೆಟ್ಟಿಲು. ಮೊದಲನೆಯದನ್ನು ಲೋಕವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹತ್ತಿತು. ಮೂರನೆಯದನ್ನು ಹತ್ತುವ ಕೆಲಸ ಇನ್ನೂ ಮುಗಿದಿಲ್ಲ. ಊರಿಗೆ ಹೋಗುವ ರಾತ್ರಿಯ ಬಂಡಿಯಲ್ಲಿ ನಿಶ್ಚಿಂತೆಯಿಂದ ಮಲಗುವ ಪ್ರತಿಯೊಬ್ಬನೂ, ಯಾವುದೋ ಕತ್ತಲ ನಿಲ್ದಾಣದ ಪೆಟ್ಟಿಗೆಯೊಂದರಲ್ಲಿ ಯಾರೋ ಒಬ್ಬನು ತಂತಿಗಳನ್ನು ಎಣಿಸಿ ಸಹಿ ಹಾಕಿದ್ದಾನೆಂಬ ನಂಬಿಕೆಯ ಮೇಲೆ ಮಲಗಿರುತ್ತಾನೆ.